ಲೇಬಲ್ಲಿನ ಇರುವೆ

ಮೊದಲ ಸಲ ದರ ಹೇಳಿದ್ದು ನಾನಲ್ಲ.
ಸುಲ್ತಾನ್‌ಪೇಟೆಯ ಓಣಿ, ಒಳಗೆ ಆಫ್‌ಸೆಟ್ ಯಂತ್ರದ ಗುಡುಗು,
ಪ್ರೆಸ್ಸಿನ ಶೆಟ್ಟರು ಕೇಳಿದರು: ಎಷ್ಟಾಗುತ್ತಮ್ಮಾ?
ನಾನು ನೆಲ ನೋಡಿದೆ.
ನೆಲದ ತುಂಬ ಯಾರದೋ ಲಗ್ನಪತ್ರಿಕೆಯ ಚಿನ್ನದ ಪುಡಿ.
ಹಿಂದಿನಿಂದ ಗೌಸ್ ಪೀರ್ ಸಾಹೇಬರು,
ಬ್ರಶ್ಶು ಕಿವಿಗೆ ಸಿಕ್ಕಿಸಿಕೊಂಡೇ, ಅಂದರು:
ಎಂಟುನೂರು. ಅರ್ಧ ಈಗಲೇ.

ಆಮೇಲೆ ಚಹಾದಂಗಡಿಯಲ್ಲಿ ಬೈದರು.
ಕೈ ಚೆನ್ನಾಗಿದೆ ನಿಂದು. ಬಾಯಿ ಕಲೀಬೇಕು.
ಕೈಗೆ ಐದು ವರ್ಷ ಸಾಕು.
ಬಾಯಿಗೆ ಎಷ್ಟು ಅಂತ ಕೇಳಿದೆ.
ನಂದಿನ್ನೂ ನಡೀತಾ ಇದೆ, ಅಂದರು,
ಬನ್ನು ಅದ್ದುತ್ತ.

ಅದು ಊದುಬತ್ತಿಯ ಪೊಟ್ಟಣ. ಕಮಲ, ಪಕ್ಕದಲ್ಲೊಂದು ಹಂಸ.
ಕತ್ತು ಉದ್ದವಾಯಿತೆಂದು ಶೆಟ್ಟರು,
ಗಿಡ್ಡವಾಯಿತೆಂದು ಶೆಟ್ಟರ ಅಳಿಯ,
ಅಳಿಯನ ಹೆಂಡತಿಗೆ ನವಿಲೇ ಬೇಕಿತ್ತು.
ನವಿಲು ಬರೆದೆ, ಗರಿಗೊಂದು ರಾತ್ರಿಯಂತೆ.
ಅಚ್ಚಾಗಿದ್ದು ಹಂಸ,
ಮೊದಲ ದಿನದ್ದು, ತಿದ್ದದ್ದು.
ನವಿಲಿಗೆ ಯಾರೂ ಕಾಸು ಕೊಡಲಿಲ್ಲ.
ಹದಿನಾಲ್ಕು ವರ್ಷ ಹಾಸಿಗೆಯಡಿ ಮಲಗಿಸಿಟ್ಟು
ಪೀಣ್ಯದ ಸೀಲಿಂಗ್ ಫ್ಯಾನಿನ ಕಂಪನಿಗೆ ಮಾರಿದೆ.
ಈಗದು ರಟ್ಟಿನ ಡಬ್ಬದ ಮೇಲೆ ಕುಣಿಯುತ್ತಿದೆ,
ಗಾಳಿಗೂ ನವಿಲಿಗೂ ಏನು ಸಂಬಂಧವೋ, ನಾ ಕೇಳಲಿಲ್ಲ.

ಹೆಸರು ಹಾಕುವಂತಿಲ್ಲ ಲೇಬಲ್ಲಿಗೆ.
ಅದಕ್ಕೇ ಒಂದು ಇರುವೆ ಬಿಡುತ್ತಿದ್ದೆ ಎಲ್ಲಾದರೂ:
ಕಮಲದ ದಂಟಿನಲ್ಲಿ,
ಟಾರ್ಚಿನ ಬೆಳಕು ಮುಗಿಯುವ ಅಂಚಿನಲ್ಲಿ,
ಮೂರನೇ ತರಗತಿಯ ಗಣಿತದಲ್ಲಿ, ಐದು ಕಿತ್ತಳೆಗಳ ಬುಡದಲ್ಲಿ.
(ಯಾರೋ ಮೇಷ್ಟ್ರು ದೂರು ಬರೆದಿದ್ದರಂತೆ,
ಮಕ್ಕಳು ಇರುವೆಯನ್ನೂ ಕೂಡಿಸಿ
ಉತ್ತರ ಆರು ಅನ್ನುತ್ತಿದ್ದಾರೆ ಎಂದು.
ನನ್ನ ಲೆಕ್ಕದಲ್ಲಿ ಅದೇ ಸರಿ.)

ಹೋದ ವರ್ಷ ಕಡಲೆಬೀಜದ ಚಿಕ್ಕಿಯವರು.
ವಿಡಿಯೋ ಕರೆಯಲ್ಲಿ ಹುಡುಗ, ಹಿಂದೆ ಬಿಳೀ ಗೋಡೆ:
ಮೇಡಂ, ಮೂಲೇಲಿ ಅದೇನು ಕಪ್ಪು ಚುಕ್ಕೆ?
ಇರುವೆ.
ತಿನ್ನೋ ಪದಾರ್ಥದ ಮೇಲೆ ಇರುವೆಯಾ?
ಬೆಲ್ಲ ಅಸಲಿ ಅಂತ ಊರಿಗೆಲ್ಲ ಮೊದಲು
ಅದಕ್ಕೇ ತಿಳಿಯೋದಪ್ಪಾ, ಅಂದೆ.
ಅವನು ನಗಲಿಲ್ಲ. ನೆಟ್‌ವರ್ಕ್ ಸರಿಯಿರಲಿಲ್ಲವೋ ಏನೋ.

ಅಳಿಸಿದೆ. ಆರು ಕಾಲು, ಎರಡು ಮೀಸೆ.
ಬಿಲ್ಲಿನಲ್ಲಿ ಕೊನೆಯ ಸಾಲು ಬರೆಯುವಾಗ
ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು:
ಇರುವೆ ತೆಗೆದದ್ದಕ್ಕೆ, ಎರಡು ಸಾವಿರ.
ಅರವತ್ತೇಳನೇ ದಿನ ಬಂತು,
ಹತ್ತು ಪರ್ಸೆಂಟ್ ಟಿಡಿಎಸ್ ಹಿಡಿದು.
ಸಾಹೇಬರಿಗೆ ಹೇಳಬೇಕೆನಿಸಿತು, ಬಾಯಿ ಬಂತು ಅಂತ.
ಅವರ ನಂಬರು ಈಗ ಯಾರದೋ ಕೊರಿಯರ್ ಆಫೀಸಿನದು.

ಮೊನ್ನೆ ಯಶವಂತಪುರದ ಬಸ್ಸಿಗೆ ಕಾಯುತ್ತಿದ್ದೆ.
ಕಾಲ ಬುಡದಲ್ಲಿ ಅದೇ ಚಿಕ್ಕಿಯ ಪ್ಯಾಕೆಟ್ಟು, ನನ್ನದೇ ಹಳದಿ,
ಹರಿದು ಬಿದ್ದಿತ್ತು.
ಅದರ ಮೇಲೆ ಸಾಲುಗಟ್ಟಿ
ಬಂದೇ ಬಂದಿದ್ದವು.
ಎಣಿಸುವಷ್ಟರಲ್ಲಿ ಬಸ್ಸು ಬಂತು.

ಭಾನುವಾರ ನಾಗರಭಾವಿಯಿಂದ ಒಬ್ಬಳು, ಪರ್ವೀನ್ ತಾಜ್,
ಬ್ಯಾಗಿನಲ್ಲಿ ಟ್ಯಾಬ್ಲೆಟ್ಟು, ಕೈಯಲ್ಲಿ ನನ್ನ ಹಳೇ ಗಣಿತ ಪುಸ್ತಕ.
ಮೇಡಂ, ಸ್ಟೈಲ್ ಅನ್ನೋದು ಹೇಗೆ ಸಿಗುತ್ತೆ?
ಅದಿರಲಿ. ಒಂದು ಪ್ಯಾಕೆಟ್ಟಿಗೆ ಎಷ್ಟು ತಗೋತೀಯ?
ಸಾಹೇಬರಂತೆ ಬೈಯಲು
ಆಗಲೇ ಬಾಯಿ ತೆರೆದಿದ್ದೆ.

ಹದಿನೆಂಟು ಸಾವಿರ, ಅಂದಳು, ನೆಲ ನೋಡದೆ.
ಎರಡು ತಿದ್ದುಪಡಿ. ಮೂರನೇದಕ್ಕೆ ಬೇರೆ.

ನನ್ನದಕ್ಕಿಂತ ಆರು ಹೆಚ್ಚು.
ಕೆಳಗಿಳಿದು ಚಹಾ ಕುಡಿದೆವು.
ದುಡ್ಡು ಅವಳೇ ಕೊಟ್ಟಳು. ನಾನು ಬೇಡ ಅನ್ನಲಿಲ್ಲ.